ಮುನಿತಾಯಮ್ಮನ ಹೊಲದ ನಾಯಿತುಳಸಿ

ಹನಿ ಬಿತ್ತು, ಇನ್ನೊಂದು ಕಂಡೆನ್ಸರಿನ ತುದಿಯಲ್ಲಿ ಕೂಡಿಕೊಳ್ಳುತ್ತಿದೆ, ಹೊಟ್ಟೆ ದಪ್ಪಗಾಗಿ ತೂಗುತ್ತಿದೆ, ಬೀಳಲು ಮನಸ್ಸಿಲ್ಲದ ಹಾಗೆ, ಕಿಟಕಿಯ ಬೆಳಕು ಅದರೊಳಗೆ ಹೊಕ್ಕು ರಾಜಾಜಿನಗರದ ಮಧ್ಯಾಹ್ನವನ್ನೆಲ್ಲ ತಲೆಕೆಳಗು ಮಾಡಿಟ್ಟಿದೆ, ಎದುರಿನ ಹೊಸ ಮನೆಯ ಗಾರೆ ಕಾಣದ ಗೋಡೆ, ಇಟ್ಟಿಗೆ ಇಳಿಸುತ್ತಿರುವ ಎತ್ತಿನ ಗಾಡಿ, ಗಾಡಿಯ ನೆರಳಲ್ಲಿ ಮಲಗಿದ ನಾಯಿ — ಬಿತ್ತು. ಬಸವರಾಜೇಶ್ವರಿ ಉರಿಯನ್ನು ಸ್ವಲ್ಪ ತಗ್ಗಿಸಿದಳು. ಅವಸರ ಮಾಡಿದರೆ ಎಣ್ಣೆ ಕೆಡುತ್ತದೆ, ಆವಿ ಹದವಾಗಿ ಸೊಪ್ಪಿನ ನಡುವೆ ನುಗ್ಗಬೇಕು, ಅದರಲ್ಲಿದ್ದ ಎಣ್ಣೆಯನ್ನು ಎತ್ತಿಕೊಂಡು ತಣ್ಣೀರು ಸುತ್ತಿದ ಗಾಜಿನ ಕೊಳವೆಯಲ್ಲಿ ಇಳಿದು ಬರಬೇಕು, ಇದನ್ನು ಅವಳು ಎಷ್ಟು ಸಲ ಮಾಡಿಲ್ಲ, ಹುಲ್ಲಿನ ಎಣ್ಣೆ, ಬೇರಿನ ಎಣ್ಣೆ, ತೊಗಟೆಯದು, ಹೂವಿನದು, ನಿದ್ದೆಗಣ್ಣಲ್ಲೂ ಮಾಡಬಲ್ಲಳು. ಬಿಳಿ ಕೋಟಿನ ಒಳಗೆ ರೇಷ್ಮೆ ಸೀರೆ, ಬೆಳಿಗ್ಗೆ ಗುದ್ದಲಿ ಪೂಜೆಗೆ ಉಟ್ಟದ್ದು, ಬದಲಿಸದೆ ಹಾಗೇ ಬಂದುಬಿಟ್ಟಳು, ಅವ್ವನನ್ನು ಮನೆಗೆ ಬಿಟ್ಟು, ಹೋಳಿಗೆ ಮಾಡ್ತೀನಿ ಉಂಡು ಹೋಗೇ ಅಂದರೂ ಕೇಳದೆ, ಕಂಕುಳಲ್ಲಿ ಆ ಒಣ ಸೊಪ್ಪಿನ ಕಟ್ಟು ಅವುಚಿಕೊಂಡು. ರಜಾ ಹಾಕಿದೋರು ಯಾಕೆ ಬಂದಿರಿ ಎಂದು ಜಗನ್ನಾಥರು ಬಾಗಿಲಲ್ಲಿ ನಿಂತು ಕೇಳಿದರು, ಈ ಪ್ರಯೋಗಶಾಲೆಗೆಲ್ಲ ಅವರೇ ಹಿರಿಯರು, ಎಲ್ಲರೂ ಅವರಿಗೆ ಹೆದರುತ್ತಾರೆ, ಕಟ್ಟನ್ನು ನೋಡಿದ್ದೇ ಅವರ ಮುಖದಲ್ಲಿ ಏನೋ ಹೊತ್ತಿಕೊಂಡಿತು, ಸಿಕ್ಕಿತೇನ್ರಿ, ಇನ್ನು ಸಿಗೋದೇ ಇಲ್ಲ ಅಂದಿದ್ರಲ್ಲ, ಅಂದರು, ಸಿಕ್ಕಿತು ಸಾರ್, ಇದೇ ಕೊನೇದು, ಅಂದಳು.

ಸೊಪ್ಪು ಅಂದರೆ ನಾಯಿತುಳಸಿ, ಬೇಲಿಯ ಬುಡದಲ್ಲಿ, ರಸ್ತೆಯ ಪಕ್ಕ ತಾನಾಗಿ ಹುಟ್ಟುವ ಕಳೆ, ಯಾರೂ ಪೂಜೆಗೆ ಮುಟ್ಟುವುದಿಲ್ಲ, ಮುರಿದರೆ ಕರ್ಪೂರದಂಥ ಘಾಟು, ಎಲ್ಲ ಕಡೆಯೂ ಹಾಗೇ, ಅಲ್ಲೊಂದು ಕಡೆ ಬಿಟ್ಟು. ಆವತ್ತು ಅವಳು ಹುಡುಕಿಕೊಂಡು ಹೋದದ್ದು ಲಾವಂಚವನ್ನು, ವೃಷಭಾವತಿಯ ದಡದಲ್ಲಿ ಬೇಕಾದಷ್ಟಿದೆ ಎಂದು ಯಾರೋ ಹೇಳಿದ ಮಾತು ನಂಬಿ ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ನಡೆದೂ ನಡೆದೂ ಲಾವಂಚದ ಒಂದು ಬೇರೂ ಸಿಗದೆ ಹೊಸಹಳ್ಳಿಯ ಹೊಲಗಳ ನಡುವೆ ವಾಪಸು ಬರುತ್ತಿದ್ದಾಗ ಸೀರೆಯ ಅಂಚು ಏನಕ್ಕೋ ತಗುಲಿ ಒಂದು ವಾಸನೆ ಎದ್ದಿತು, ಅವಳು ನಿಂತುಬಿಟ್ಟಳು, ಕರ್ಪೂರವಲ್ಲ, ಮಾಗಿದ ಹಣ್ಣು, ಯಾವ ಹಣ್ಣು ಎಂದು ಹೇಳಲಾಗದ ಹಣ್ಣು, ಅದರ ಹಿಂದೆ ದಾಲ್ಚಿನ್ನಿಯ ಬೆಚ್ಚನೆ, ಬಗ್ಗಿ ನೋಡಿದರೆ ಅದೇ ನಾಯಿತುಳಸಿ, ಎಲೆ ಅದೇ, ತೆನೆ ಅದೇ, ವಾಸನೆ ಮಾತ್ರ ಬೇರೆ ಯಾರದೋ. ಕಿತ್ತು ಮೂಸಿದಳು, ಇನ್ನೊಂದು ಕಿತ್ತಳು, ಹುಚ್ಚಿಯ ಹಾಗೆ ಮಂಡಿಯೂರಿ ಕೂತು ಗಿಡಗಳನ್ನೆಲ್ಲ ಮೂಸುತ್ತಿದ್ದಾಗ ಬದುವಿನ ಮೇಲಿಂದ ಒಂದು ದನಿ, ಯಾರವ್ವ ನೀನು, ದೇವ್ರು ಮೈಮ್ಯಾಲೆ ಬಂದಿರೋಳೇನಾ ಇಲ್ಲ ಸೂಜಿ ಚುಚ್ಚಾಕ್ ಬಂದೋಳಾ. ಅದು ಮುನಿತಾಯಮ್ಮ, ಆ ಹೊಲದವಳು, ತಲೆಯ ಮೇಲೆ ಹುಲ್ಲಿನ ಹೊರೆ, ಸೊಂಟದಲ್ಲಿ ಕುಡುಗೋಲು, ಗಂಡ ಸತ್ತ ಮೇಲೆ ರಾಗಿ ಅವರೆ ಹುಚ್ಚೆಳ್ಳು ಎಲ್ಲವನ್ನೂ ತಾನೇ ಬೆಳೆದು ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ನಾನು ಗಿಡದ ಎಣ್ಣೆ ತೆಗೆದು ಅದರಲ್ಲಿ ಏನೇನಿದೆ ನೋಡೋ ಕೆಲಸ ಮಾಡ್ತೀನಮ್ಮ ಎಂದು ಎದ್ದು ಮಣ್ಣು ಕೊಡವಿಕೊಳ್ಳುತ್ತಾ ಹೇಳಿದರೆ ಅವಳು ತುಂಬ ಹೊತ್ತು ನಕ್ಕಳು, ಅಣಕವಿಲ್ಲದ ನಗು, ಆ ಕಸದಾಗೆ ಎಣ್ಣೆನಾ, ದನಾನೂ ಬಾಯಾಕಾಕಿಲ್ಲ ಕಣವ್ವ ಅದಕ್ಕೆ, ತಗೊಂಡೋಗು, ಹೊರೆಗಟ್ಲೆ ತಗೊಂಡೋಗು. ಅಲ್ಲಿಂದ ಬಸವರಾಜೇಶ್ವರಿ ಅವಳಿಗೆ ಅಮ್ಮಣ್ಣಿಯಾದಳು. ಕಾರ್ತಿಕ ಬಂತೆಂದರೆ ಬೀಜ ಕಟ್ಟುವ ಮೊದಲು, ಮಳೆ ನಿಂತಾಗೊಮ್ಮೆ, ಬೇಸಿಗೆಯಲ್ಲಿ ಸುಮ್ಮನೆ ನೋಡಿ ಬರಲೆಂದು, ವರ್ಷಾನುವರ್ಷ, ಬಾ ಅಮ್ಮಣ್ಣಿ, ಮಜ್ಜಿಗೆ ಕುಡಿ, ನಿನ್ ಗಿಡ ಚೆನ್ನಾಗವ್ರೆ, ಎಂದು ಗಿಡಗಳನ್ನು ಮನುಷ್ಯರ ಹಾಗೆ ಕರೆದು ತಾನೇ ನಗುವಳು, ಆ ಮಜ್ಜಿಗೆಗೆ ಹೊಗೆಯ ವಾಸನೆ, ಲೋಟಕ್ಕೆ ಬೂದಿಯ ವಾಸನೆ, ಬಸವರಾಜೇಶ್ವರಿಗೆ ವಾಸನೆಗಳು ಮರೆಯುವುದಿಲ್ಲ, ಅದೇ ಅವಳ ಕಸುಬು.

ಹನಿ ಬೀಳುತ್ತಿದೆ. ಮೊದಲ ಸಲ ತೆಗೆದ ಎಣ್ಣೆಯನ್ನು ಸೀಸೆಯಲ್ಲಿ ಹಾಕಿ ಬೀರುವಿನಲ್ಲಿಟ್ಟು ಮನೆಗೆ ಹೋಗಿದ್ದಳು, ಮಾರ್ಗಶಿರದ ಚಳಿ, ಬೆಳಿಗ್ಗೆ ಬಂದು ನೋಡಿದರೆ ಎಣ್ಣೆ ಇಲ್ಲ, ಸೀಸೆಯ ತುಂಬ ಬಿಳಿಯ ಸೂಜಿಗಳು, ಒಂದರ ಮೇಲೊಂದು ಅಡ್ಡಡ್ಡ ಬಿದ್ದು ಹೊಳೆಯುವ ಸಣ್ಣ ಸಣ್ಣ ಹರಳುಗಳು, ಅವಳು ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದಳು, ಸೂಜಿಗಳು ಕರಗಿದವು, ನೀರಿನ ಲೋಟದಲ್ಲಿ ಅದ್ದಿದಳು, ಮತ್ತೆ ಕಟ್ಟಿದವು, ಚಿಕ್ಕ ಹುಡುಗಿಯ ಹಾಗೆ ಅದನ್ನೇ ಮಾಡುತ್ತಾ ಕೂತಿದ್ದಳು. ಜಗನ್ನಾಥರು ನಂಬಲಿಲ್ಲ, ಸೀಸೆ ತೊಳೆದಿರಲಿಲ್ಲ ಕಣ್ರಿ ನೀವು, ಹಿಂದೆ ಅದರಲ್ಲಿ ಬೇರೇನೋ ಇತ್ತು, ನಾಯಿತುಳಸಿ ಎಣ್ಣೆ ಹರಳುಗಟ್ಟಿದ್ದನ್ನ ನಾನು ಎಲ್ಲೂ ಕಂಡಿಲ್ಲ, ಅಂದರು, ಅವರು ಕಂಡಿಲ್ಲ ಅಂದರೆ ಇಲ್ಲ ಎಂದೇ ಎಲ್ಲರ ಲೆಕ್ಕ. ಅವಳು ಮತ್ತೆ ಹೋದಳು, ಮತ್ತೆ ತಂದಳು, ಹೊಸ ಸೀಸೆ, ಹೊಸ ಬಿರಡೆ, ಮತ್ತೆ ಸೂಜಿಗಳು. ಗಾಳಿ ಹೀರಿ ತೆಗೆದ ಗಾಜಿನ ಬುರುಡೆಯಲ್ಲಿ ಕಾಯಿಸಿ ಎಣ್ಣೆಯನ್ನು ಭಾಗ ಭಾಗವಾಗಿ ಬೇರೆ ಮಾಡುವುದು, ಮೊದಲು ಹಾರುವುದು ಒಂದು, ನಿಧಾನವಾಗಿ ಬರುವುದು ಇನ್ನೊಂದು, ಒಂದೊಂದನ್ನೂ ಬೆಳಕಿಗೆ ಹಿಡಿದು ಕಿರಣ ಎಷ್ಟು ಬಾಗುತ್ತದೆ ನೋಡುವುದು, ಕ್ಷಾರ ಹಾಕಿ ಕುದಿಸಿ ಒಡೆದು ಏನು ಉಳಿಯುತ್ತದೆ ನೋಡುವುದು, ಹೊಸ ಯಂತ್ರಗಳಿಲ್ಲ, ಇರುವುದು ಕಣ್ಣು ಮೂಗು ಹಟ, ಕೊನೆಗೆ ಸಿಕ್ಕಿದ್ದು ದಾಲ್ಚಿನ್ನಿಯ ಕುಲದ ಆಮ್ಲ, ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ಶುದ್ಧವಾದದ್ದು, ಸೋಪಿನವರು ಅತ್ತರಿನವರು ಹಡಗಿನಲ್ಲಿ ತರಿಸಿಕೊಳ್ಳುವ ಪರಿಮಳ ಇಲ್ಲಿ ರಾಗಿ ಹೊಲದ ಮೂಲೆಯಲ್ಲಿ ದನವೂ ಮುಟ್ಟದೆ ಬೆಳೆಯುತ್ತಿತ್ತು. ಆವತ್ತು ಜಗನ್ನಾಥರು ತಮ್ಮ ಕುರ್ಚಿಯಿಂದ ಎದ್ದು ಅವಳಿಗೆ ಕೈ ಮುಗಿದರು. ಆದರೆ ಆ ಗಿಡ ಬೇರೆ ಕಡೆ ಬರಬೇಕಲ್ಲ, ಬೀಜ ತಂದು ಪ್ರಯೋಗಶಾಲೆಯ ಹಿಂದೆ ಬಿತ್ತಿದಳು, ಮೊದಲ ಬೆಳೆ ಚೆನ್ನಾಗಿಯೇ ಬಂತು, ಅದರ ಬೀಜದ ಬೆಳೆಯಲ್ಲಿ ಹಣ್ಣಿನ ವಾಸನೆ ತೆಳುವಾಯಿತು, ಅದರ ಮುಂದಿನದರಲ್ಲಿ ಬರೀ ಕರ್ಪೂರ, ಸುತ್ತಲ ಬೇಲಿಗಳಲ್ಲೆಲ್ಲ ಮಾಮೂಲಿ ನಾಯಿತುಳಸಿ, ಜೇನುಹುಳ ಬೆರಕೆ ಮಾಡಿಬಿಟ್ಟಿದೆ, ಎಣ್ಣೆಯನ್ನು ಐಸಿನಲ್ಲಿಟ್ಟರೂ ಒಂದು ಸೂಜಿ ಕಟ್ಟಲಿಲ್ಲ. ಮುನಿತಾಯಮ್ಮನ ಹೊಲದ ಸುತ್ತ ಮಾತ್ರ ಬೇರೆ ನಾಯಿತುಳಸಿಯೇ ಇರಲಿಲ್ಲ, ಯಾಕೆ ಅಂತ ಅವಳು ಯೋಚಿಸಲೇ ಇಲ್ಲ, ಮಣ್ಣಿನ ಗುಣ ಅಂದುಕೊಂಡಳು, ನೀರಿನ ಗುಣ ಅಂದುಕೊಂಡಳು, ಇಷ್ಟು ಓದಿದವಳು — ಉರಿ ನೋಡಬೇಕು, ಸರಿಯಾಗಿದೆ.

ಅವ್ವ ಈಗ ಹೋಳಿಗೆ ತಟ್ಟುತ್ತಿರುತ್ತಾಳೆ, ಬಾಡಿಗೆ ಮನೆಯ ಆ ಒಂದೂವರೆ ಕೋಣೆಯಲ್ಲಿ, ಹೊಗೆ ಹೋಗಲು ಜಾಗವಿಲ್ಲದೆ ಕಣ್ಣೊರೆಸಿಕೊಳ್ಳುತ್ತಾ, ಇವತ್ತು ಅವಳ ಕಣ್ಣಲ್ಲಿ ಬರೀ ಹೊಗೆಯ ನೀರಲ್ಲ. ಅವ್ವ ಶಿವಕ್ಕನಿಗೆ ಹರಿಹರದಲ್ಲಿ ಸ್ವಂತ ಮನೆಯಿತ್ತು, ಹೊಳೆಯ ಕಡೆಗೆ ಪಡಸಾಲೆ, ಹಿತ್ತಲಲ್ಲಿ ನುಗ್ಗೆಮರ, ಅಪ್ಪ ಶಾಲೆಯ ಮೇಷ್ಟರು, ಅಪ್ಪ ಹೋದ ಮೇಲೆ ಮಗಳು ರಸಾಯನಶಾಸ್ತ್ರ ಓದುತ್ತೇನೆ ಎಂದಾಗ ನೆಂಟರೆಲ್ಲ ಮದುವೆ ಮಾಡಿ ಕಳಿಸು ಅಂದರು, ಅವ್ವ ಮನೆ ಮಾರಿದಳು. ಯಾರಿಗೂ ಕೇಳದೆ ಮಾರಿದಳು. ಅಲ್ಲಿಂದೀಚೆಗೆ ಬಾಡಿಗೆ ಮನೆಗಳು, ಮಲ್ಲೇಶ್ವರದ ಔಟ್‌ಹೌಸು, ಶ್ರೀರಾಂಪುರದ ವಠಾರ, ಈಗ ರಾಜಾಜಿನಗರ, ನಲ್ಲಿ ಮಾಲೀಕರ ಅಂಗಳದಲ್ಲಿ, ಅವರು ಎದ್ದು ಬಾಗಿಲು ತೆಗೆದರೆ ನೀರು, ಅವ್ವ ಕೊಡ ಹಿಡಿದು ಕಾಯುತ್ತಾ ನಿಂತಿರುತ್ತಾಳೆ. ಅವ್ವ ಯಾವತ್ತೂ ಹಂಗಿಸಲಿಲ್ಲ, ಒಂದೇ ಒಂದು ಸಲ, ಜ್ವರದಲ್ಲಿ, ರಾಜೀ, ನನ್ನ ಹೆಣ ಇನ್ನೊಬ್ರ ಬಾಗಿಲಿಂದ ಎತ್ತಬ್ಯಾಡೇ, ಅಂದಳು, ಜ್ವರ ಬಿಟ್ಟ ಮೇಲೆ ಅಂದದ್ದು ಅವಳಿಗೆ ನೆನಪಿರಲಿಲ್ಲ, ಮಗಳಿಗೆ ನೆನಪಿತ್ತು, ಆ ವಾರವೇ ಹೋಗಿ ಸೈಟಿಗೆ ಅರ್ಜಿ ಹಾಕಿ ಬಂದಳು. ಎಲ್ಲಿ ಸಿಕ್ಕರೂ ಆದೀತು, ಕೆಂಗೇರಿಯ ಆಚೆ ಆದರೂ ಆದೀತು ಅಂದುಕೊಂಡಿದ್ದಳು, ನಿಜವಾಗಿ ಹಾಗೇ ಅಂದುಕೊಂಡಿದ್ದಳು.

ಹೊಲ ಉಳಿಸಿಕೊಡು ಎಂದು ಮುನಿತಾಯಮ್ಮ ಕೇಳಿದ್ದು ಮುಂಗಾರಿಗೆ ಮೊದಲು, ಉಳುಮೆಯ ಹೊತ್ತು, ಆದರೆ ಯಾರೂ ಉಳುತ್ತಿರಲಿಲ್ಲ, ಹೊಲಗಳಲ್ಲಿ ಅಲ್ಲಲ್ಲಿ ಕಲ್ಲು ನೆಟ್ಟು ಹೋಗಿದ್ದರು, ಪಟ್ಟಣ ಬರ್ತಾ ಐತಂತೆ ಅಮ್ಮಣ್ಣಿ, ಎಂದು ಮುನಿತಾಯಮ್ಮ ಮಳೆ ಬರುತ್ತದೆ ಅನ್ನುವ ಹಾಗೆ ಹೇಳಿದಳು, ಮಗ ಕೃಷ್ಣಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಆಗಿದೆ, ಅವನಿಗೆ ಹೊಲ ಹೋದರೆ ಸಂತೋಷವೇ, ಊರ ಗಂಡಸರೆಲ್ಲ ಹೂಂ ಅಂದಿದ್ದಾರೆ, ನನಗೊಬ್ಬಳಿಗೇ ಆಗ್ತಾ ಇಲ್ಲ, ಅಲ್ಲಿ ನನ್ನ ಗಂಡನ್ನ ಮಣ್ಣು ಮಾಡೀವ್ನಿ, ನೀನು ಓದ್ದೋಳು, ಆಪೀಸಿನೋರ ಮುಂದೆ ಕುರ್ಚಿ ಮೇಲೆ ಕೂತು ಮಾತಾಡೋಳು, ಈ ಗಿಡ ದೊಡ್ಡದು ಅಂತ ನೀನೇ ಅಂತೀಯಲ್ಲ, ಒಂದ್ ಮಾತು ಹೇಳಿ ನೋಡು, ಆದ್ರೆ ಆಗ್ಲಿ ಇಲ್ದಿದ್ರೆ ಇಲ್ಲ. ಹೇಳ್ತೀನಿ ಮುನಿತಾಯಮ್ಮ, ಖಂಡಿತ ಹೇಳ್ತೀನಿ. ಹೇಳಿದಳು ಕೂಡ, ಹೋದಳು, ಬಡಾವಣೆಯ ಆಫೀಸಿನಲ್ಲಿ ಚನ್ನಮಲ್ಲಪ್ಪನವರು ಅಪ್ಪನ ಶಿಷ್ಯರು, ಹರಿಹರದಲ್ಲಿ ಅಪ್ಪನ ಮುಂದೆ ಕೂತು ಅಕ್ಷರ ಕಲಿತವರು, ಬನ್ನಿ ತಂಗೀ, ನಮ್ಮ ಮೇಷ್ಟ್ರ ಮಗಳು ನೀವು, ಎಂದು ಎದ್ದು ನಿಂತು ಕೂರಿಸಿದರು, ಅವಳು ಎಲ್ಲವನ್ನೂ ಹೇಳಿದಳು, ಸೂಜಿಗಳು, ಬೀಜ ಬೆರಕೆಯಾದದ್ದು, ಅದು ಅಲ್ಲಿ ಬಿಟ್ಟು ಬೇರೆಲ್ಲೂ ಉಳಿಯದಿರುವುದು, ಒಬ್ಬ ಹೆಂಗಸಿನ ಹೊಲ, ಗಂಡನ ಸಮಾಧಿ, ಅವರು ತಾಳ್ಮೆಯಿಂದ ಕೇಳಿದರು, ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದರು, ಅಂಚು ಸುರುಳಿಕೊಳ್ಳದ ಹಾಗೆ ಕಾಫಿ ಲೋಟ ಇಟ್ಟರು, ಇಲ್ಲಿ ನೋಡಿ, ಈ ತುಂಡು, ಬಿಡೋಕೆ ಆಗಲ್ಲ ಅಂತಲ್ಲ, ಪಾರ್ಕು ಅಂತ ತೋರಿಸಬಹುದು, ಮೇಲಿನವರಿಗೆ ನಾನು ಹೇಳಬಲ್ಲೆ, ವಿಜ್ಞಾನದ ವಿಷಯ ಅಂದ್ರೆ ಇಲ್ಲ ಅನ್ನಲ್ಲ. ಅವಳ ಎದೆ ಹಗುರಾಯಿತು, ಆ ಹಗುರ ಎಷ್ಟು ಹೊತ್ತು ಇತ್ತು, ಅವರು ಕಾಫಿಯ ಲೋಟ ಎತ್ತಿ ಇನ್ನೊಂದು ಮೂಲೆಗೆ ಇಡುವಷ್ಟು ಹೊತ್ತು, ಆದರೆ ಒಂದು ಮಾತು ತಂಗೀ, ನಿಮ್ಮ ಅರ್ಜಿಯೂ ಈ ಸಾಲಿನಲ್ಲೇ ಇದೆ, ಇಲ್ಲಿ ಸೈಟುಗಳು ಕಡಿಮೆ ಆದರೆ ನಿಮ್ಮದು ಮುಂದಿನ ಬಡಾವಣೆಗೆ ಹೋಗುತ್ತೆ, ಅದು ಯಾವ ಕಾಲಕ್ಕೋ, ತಾಯಿಯವರಿಗೆ ವಯಸ್ಸಾಯ್ತು, ನಾನು ಎರಡಕ್ಕೂ ತಯಾರಿದೀನಿ, ನೀವೇ ಹೇಳಿ, ಏನು ಮಾಡ್ಲಿ. ಎಂದು ಕಾದರು. ಒತ್ತಾಯವಿಲ್ಲ, ಜಾಣತನವಿಲ್ಲ, ಒಳ್ಳೆಯ ಮನುಷ್ಯ, ಕಾದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಲೋಟದ ಕೆಳಗೆ ನಕ್ಷೆಯ ಮೇಲೆ ಕಾಫಿಯ ದುಂಡನೆ ಗುರುತು, ಅವಳ ಕಣ್ಣ ಮುಂದೆ ಅವ್ವ ಕೊಡ ಹಿಡಿದು ನಿಂತಿದ್ದಳು, ಮುನಿತಾಯಮ್ಮ ಮಜ್ಜಿಗೆ ಹಿಡಿದು ನಿಂತಿದ್ದಳು, ಇಬ್ಬರೂ ಒಂದೇ ಎತ್ತರ ಎಂದು ಆಗ ಹೊಳೆಯಿತು, ಎಂಥ ಹೊತ್ತಲ್ಲಿ ಎಂಥ ಯೋಚನೆ, ಬಾಯಿ ತೆರೆದು ಬಸವರಾಜೇಶ್ವರಿ ಹೇಳಿದ್ದು, ನಿಮಗೆ ಸರಿ ಕಂಡ ಹಾಗೆ ಮಾಡಿ.

ನಿಮಗೆ ಸರಿ ಕಂಡ ಹಾಗೆ ಮಾಡಿ. ಅದರಲ್ಲಿ ತಪ್ಪೇನಿದೆ, ದೊಡ್ಡವರಿಗೆ ಹೇಳುವ ಮಾತು, ಮರ್ಯಾದೆಯ ಮಾತು, ಆದರೆ ಚನ್ನಮಲ್ಲಪ್ಪನವರ ಮುಖ ಅರಳಿತು, ಹಾಗಾದ್ರೆ ಹೀಗೆ ಮಾಡೋಣ, ಆ ಜಾಗದ ಮೇಲೆ ನಿಮಗೆ ಇಷ್ಟು ಪ್ರೀತಿ ಇರುವಾಗ ಸೈಟು ಅಲ್ಲೇ ಕೊಡಿಸ್ತೀನಿ, ಹಿತ್ತಲಲ್ಲಿ ಆ ಗಿಡಾನ ನೀವೇ ಬೆಳೆಸ್ಕೊಳ್ಳಿ, ಹೊಲ ಬೇರೆಯವರ ಕೈಗೆ ಹೋಗೋದಕ್ಕಿಂತ ಇದು ವಾಸಿ ಅಲ್ವಾ. ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೂ ಹಾಗೇ ಅನ್ನಿಸಿತ್ತು, ವಾಸಿ, ಎಷ್ಟೋ ವಾಸಿ, ಟೋಲ್‌ಗೇಟಿನ ಹತ್ತಿರ ಇಳಿಯುವಷ್ಟರಲ್ಲಿ ಹಿತ್ತಲಲ್ಲಿ ಪಾತಿ ಕೂಡ ಮಾಡಿಬಿಟ್ಟಿದ್ದಳು, ಬೀಜ ಬೆರಕೆಯಾಗುತ್ತದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ, ಸುತ್ತ ನೂರು ಮನೆ, ನೂರು ಬೇಲಿ, ಅದನ್ನು ಮಾತ್ರ ಆವತ್ತು ಮರೆತಳು, ಮರೆಯಲು ಮನಸ್ಸು ಎಷ್ಟು ಚೆನ್ನಾಗಿ ಸಹಾಯ ಮಾಡುತ್ತದೆ. ಮುನಿತಾಯಮ್ಮನಿಗೆ ಏನು ಹೇಳಿದಳು, ಹೋಗಿದ್ದೆ, ಮಾತಾಡಿದೆ, ಆಗಲಿಲ್ಲ, ಅಂದಳು. ಒಂದೊಂದು ಪದವೂ ನಿಜ. ಹೋಗಿದ್ದಳು, ಮಾತಾಡಿದಳು, ಆಗಲಿಲ್ಲ. ಮುನಿತಾಯಮ್ಮ ಅವಳ ಭುಜ ತಟ್ಟಿದಳು, ಬಿಡು ಅಮ್ಮಣ್ಣಿ, ನೀನ್ಯಾಕೆ ಮುಖ ಸಣ್ಣದ್ ಮಾಡ್ಕಂತೀಯ, ನಮ್ಗೋಸ್ಕರ ಆಪೀಸು ಮೆಟ್ಲು ಹತ್ತಿದ್ಯಲ್ಲ, ನನ್ ಮಗಾನೂ ಹತ್ತಲಿಲ್ಲ. ಅದಾದ ಮೇಲೆ ಬಸವರಾಜೇಶ್ವರಿ ಆ ಕಡೆ ಹೋಗಲಿಲ್ಲ. ಕಾರ್ತಿಕ ಬಂತು, ಹೋಗಲಿಲ್ಲ. ಕೆಲಸ ಜಾಸ್ತಿ ಅಂದುಕೊಂಡಳು, ಅವ್ವನಿಗೆ ಮಂಡಿನೋವು ಅಂದುಕೊಂಡಳು, ನೆಲ ಮಟ್ಟ ಮಾಡುವ ಯಂತ್ರ ಬಂದು ಮೇಲ್ಮಣ್ಣನ್ನೆಲ್ಲ ಕೆರೆದು ಹಾಕಿತೆಂದು ಯಾರೋ ಹೇಳಿದಾಗ ಜಗನ್ನಾಥರಿಗೆ, ಇನ್ನು ಆ ಗಿಡ ಸಿಗಲ್ಲ ಸಾರ್, ಎಂದಷ್ಟೇ ಹೇಳಿದಳು.

ಇವತ್ತು ಬೆಳಿಗ್ಗೆ ಜಟಕಾದಲ್ಲಿ ಅವ್ವನ ಮಡಿಲಲ್ಲಿ ಹಿತ್ತಾಳೆ ತಟ್ಟೆ, ತೆಂಗಿನಕಾಯಿ, ಬಾಳೆಹಣ್ಣು, ಪಕ್ಕದಲ್ಲಿ ಏಕಾಂತಯ್ಯನವರು, ಪೂಜೆ ಮಾಡಿಸುವ ಅಯ್ನೋರು, ಮಾಗಡಿ ರಸ್ತೆಯ ಗುಂಡಿಗಳಿಗೆಲ್ಲ ಅವ್ವ ನಗುತ್ತಿದ್ದಳು, ಅವ್ವ ಹಾಗೆ ನಕ್ಕಿದ್ದನ್ನು ಅವಳು ಹರಿಹರ ಬಿಟ್ಟ ಮೇಲೆ ಕಂಡಿರಲಿಲ್ಲ. ಬಡಾವಣೆ ಎಂದರೆ ಇನ್ನೂ ಏನೂ ಇಲ್ಲ, ಕೆಂಪು ನೆಲ, ಕಲ್ಲುಗಳು, ಅಲ್ಲೊಂದು ಇಲ್ಲೊಂದು ಏಳುತ್ತಿರುವ ಗೋಡೆ, ಮೇಸ್ತ್ರಿ ಬೇಗ ಬಂದು ಮನೆಯ ಪಾಯಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದ, ಇದು ನಡುಮನೆ, ಇದು ಅಡುಗೆಮನೆ, ಇದು ದೇವರ ಗೂಡು, ಅವ್ವ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲಿರುವ ಕಡೆಯಿಂದಲೇ ಹೋಗುತ್ತಿದ್ದಳು, ಗೋಡೆ ಇದ್ದಲ್ಲಿ ದಾಟಲಿಲ್ಲ, ಬಸವರಾಜೇಶ್ವರಿ ಆ ನೆಲದಲ್ಲಿ ಬದು ಎಲ್ಲಿತ್ತು, ಮೂಲೆ ಎಲ್ಲಿತ್ತು ಎಂದು ಹುಡುಕಿದಳು, ಒಂದು ಗುರುತೂ ಸಿಗಲಿಲ್ಲ. ಗುದ್ದಲಿ ಹಾಕಿ ಆಯಿತು, ಒಂದು ಹಿಡಿ ಮಣ್ಣು ತೆಗೆದು ಆಯಿತು, ಏಕಾಂತಯ್ಯನವರು ಗಂಟೆ ಬಾರಿಸುತ್ತಿದ್ದಾಗ ಊರ ಕಡೆಯಿಂದ ತಲೆಯ ಮೇಲೆ ಹಳೆ ಸೀರೆಯಲ್ಲಿ ಕಟ್ಟಿದ ಗಂಟು ಹೊತ್ತು ಮುನಿತಾಯಮ್ಮ ಬಂದಳು, ನೇರ ಬಂದಳು, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು, ಅವಳಿಗೆ ಗುರುತು ಬೇಕಿರಲಿಲ್ಲ, ಅದು ಈಗ ನಡುಮನೆಯ ಮಧ್ಯೆ. ಬಂದ್ಯಾ ಅಮ್ಮಣ್ಣಿ, ಜಟಕಾ ನೋಡ್ದೆ, ನೀನೇ ಅಂದ್ಕಂಡೆ, ಎಷ್ಟ್ ದಿನ ಆಯ್ತು, ಸೀಕು ಗೀಕು ಬಿದ್ದಿದ್ಯೇನೋ ಅಂತಿದ್ದೆ, ಎಂದು ಗಂಟು ಇಳಿಸಿ ಕೈಗೆ ಕೊಟ್ಟಳು, ತಗೋ, ಆ ಮಿಸನ್ನು ಬರೋಕ್ ಮುಂಚೆ ಎಲ್ಲಾ ಕೊಯ್ದು ಅಟ್ಟದ ಮೇಲೆ ಒಣಗಾಕಿದ್ದೆ, ನೀನು ಬಂದೇ ಬರ್ತೀಯ ಅಂತ. ಗಂಟು ಬಿಚ್ಚುವ ಮೊದಲೇ ವಾಸನೆ ಬಂತು, ಹಣ್ಣು, ದಾಲ್ಚಿನ್ನಿ. ಆಮೇಲೆ ಮುನಿತಾಯಮ್ಮ ತಟ್ಟೆಯನ್ನು ನೋಡಿದಳು, ಅಯ್ನೋರನ್ನು ನೋಡಿದಳು, ಯಾರ್ದೋ ಪೂಜೆ ಕಾಣ್ತದೆ, ನಿಮ್ ಕಡೆಯೋರ್ದಾ ಅಮ್ಮಣ್ಣಿ. ಬಸವರಾಜೇಶ್ವರಿ ಗಂಟನ್ನು ಕಂಕುಳಿಗೆ ಅವುಚಿಕೊಂಡಳು. ಅವ್ವ ಸಂತೋಷದಲ್ಲಿ ಮುಂದೆ ಬಂದಳು, ಅವ್ವನಿಗೆ ಏನು ಗೊತ್ತು, ಗೊತ್ತಿಲ್ಲದ ಮನುಷ್ಯರೂ ಇವತ್ತು ಅವಳಿಗೆ ನೆಂಟರು, ನಮ್ದ ಕಣವ್ವ, ನನ್ನ ಮಗಳ ಮನಿ, ಬಾ, ನೀನೂ ಒಂದು ಹಿಡಿ ಅಕ್ಷತಿ ಹಾಕು.

ಮುನಿತಾಯಮ್ಮ ಬಸವರಾಜೇಶ್ವರಿಯ ಮುಖ ನೋಡಿದಳು, ತುಂಬ ಹೊತ್ತಲ್ಲ. ಆಮೇಲೆ ಕೆಳಗೆ ನೋಡಿದಳು, ತಾನು ನಿಂತಿದ್ದ ಜಾಗ, ಸುತ್ತಲ ಬಿಳಿ ಗೆರೆ, ಆಗಲೇ ಅದು ಅವಳ ಕಣ್ಣಿಗೆ ಬಿದ್ದದ್ದು, ಸೀರೆಯ ನೆರಿಗೆ ಸ್ವಲ್ಪ ಮೇಲಕ್ಕೆ ಹಿಡಿದು, ಮಣ್ಣು ಮೆತ್ತಿದ ಕಾಲನ್ನು ಎತ್ತಿ, ಗೆರೆಯ ಮೇಲಿಂದ ಆಚೆಗೆ ಇಟ್ಟಳು, ಗೆರೆಗೆ ತಾಗದ ಹಾಗೆ, ಇನ್ನೊಬ್ಬರ ಒರೆಸಿದ ಮನೆಯೊಳಗೆ ಗೊತ್ತಿಲ್ಲದೆ ಬಂದುಬಿಟ್ಟವಳ ಹಾಗೆ. ಆಚೆ ನಿಂತೇ ಅವ್ವನ ತಟ್ಟೆಗೆ ಕೈ ಚಾಚಿ ಅಕ್ಕಿ ತೆಗೆದುಕೊಂಡಳು, ಆಚೆಯಿಂದಲೇ ಹಾಕಿದಳು, ಒಳ್ಳೇದಾಗ್ಲಿ, ಗೊತ್ತಿರೋರೇ ಬಂದ್ರಲ್ಲ, ಅಂದಳು, ದನಿಯಲ್ಲಿ ಮುಳ್ಳಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಬಸವರಾಜೇಶ್ವರಿ ಏನಾದರೂ ಹೇಳಬೇಕಿತ್ತು, ಹೇಳಿದ್ದು, ಹಿತ್ತಲಲ್ಲಿ ಜಾಗ ಬಿಡ್ತೀನಿ ಮುನಿತಾಯಮ್ಮ, ಗಿಡಕ್ಕೆ, ನೀವು ಬಂದು ನೋಡ್ಬೇಕು. ಮುನಿತಾಯಮ್ಮ ತಲೆಯಾಡಿಸಿದಳು, ಅದ್ಯಾಕಮ್ಮಣ್ಣಿ ಇನ್ನ, ಅದು ಕಳೆ, ನೀನು ಬರ್ತೀಯಲ್ಲ ಅಂತ ಆ ಮೂಲೆ ಉಳ್ದೇ ಬಿಟ್ಟಿದ್ದೆ ಇಷ್ಟ್ ವರ್ಸ, ಸುತ್ತಾ ಬ್ಯಾರೆ ವಾಸ್ನೇದು ಬಂದ್ರೆ ಕಿತ್ತಾಕ್ತಿದ್ದೆ, ಅದ್ರಾಗೆ ಇದು ಸೇರ್ಕಂಡ್ರೆ ನಿನ್ಗೆ ಗೊತ್ತಾಗಾಕಿಲ್ಲ ಅಂತ, ಕಿಸ್ನಪ್ಪ ಬೈಯ್ಯೋನು, ಒಂದ್ ಪಲ್ಲ ರಾಗಿ ಹಾಳಾಗ್ತದೆ ಅಂತ. ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೋದಳು, ತಿರುಗಿ ನೋಡಲಿಲ್ಲ, ಕೋಪದಿಂದಲ್ಲ, ತಿರುಗಿ ನೋಡಲು ಅಲ್ಲಿ ಅವಳದ್ದೇನೂ ಇರಲಿಲ್ಲ. ಏನು ಒಳ್ಳೆ ಹೆಂಗಸು, ಯಾರೇ ಅದು, ಎಂದು ಜಟಕಾದಲ್ಲಿ ಅವ್ವ ಕೇಳಿದಳು, ಗೊತ್ತಿರೋರು, ಅಂದಳು ಮಗಳು, ಗಂಟು ಮಡಿಲಲ್ಲಿ, ಕಣ್ಣಲ್ಲಿ ಮುನಿತಾಯಮ್ಮ ಗೆರೆಯ ಮೇಲೆ ಎತ್ತಿದ ಕಾಲು, ಅವ್ವ ಮನೆಯ ಬಾಗಿಲು ಯಾವ ದಿಕ್ಕಿಗೆ ಅಂತ ಹೇಳುತ್ತಿದ್ದಳು.

ಹನಿ ನಿಂತಿದೆ. ಸೊಪ್ಪಿನಲ್ಲಿದ್ದದ್ದೆಲ್ಲ ಬಂದಾಯಿತು. ಉರಿ ಆರಿಸಿ, ನೀರಿನಿಂದ ಎಣ್ಣೆಯನ್ನು ಬೇರೆ ಮಾಡಿ, ಸಣ್ಣ ಸೀಸೆಗೆ ಬಗ್ಗಿಸಿ, ಸೀಸೆಯನ್ನು ಐಸಿನ ಬಟ್ಟಲಲ್ಲಿಟ್ಟಳು, ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ, ಕೈಗಳಿಗೆ ಏನೂ ಆಗಿಲ್ಲ. ಇದನ್ನು ಏನು ಮಾಡುವುದು, ಸಂಜೆ ಹೊಸಹಳ್ಳಿಗೆ ಹೋಗಿ ಮುನಿತಾಯಮ್ಮನ ಬಾಗಿಲಲ್ಲಿ ನಿಂತು, ಆಫೀಸಿನವರು ನನ್ನನ್ನೇ ಕೇಳಿದ್ದರು, ನಾನು ಹೇಳಬಹುದಿತ್ತು, ಹೇಳಲಿಲ್ಲ, ಎಂದು ಹೇಳಿದರೆ — ಹೇಳಿದರೆ ಮುನಿತಾಯಮ್ಮ ಬಿಡು ಅಮ್ಮಣ್ಣಿ ಅನ್ನುತ್ತಾಳೆ, ಭುಜ ತಟ್ಟುತ್ತಾಳೆ, ಅದಕ್ಕೇ ಹೋಗಲಾರಳು, ಸೈಟು ಬೇಡ ಎಂದು ಬಿಟ್ಟರೆ ಅಲ್ಲಿಗೆ ಇನ್ಯಾರೋ ಬರುತ್ತಾರೆ, ಮಣ್ಣು ವಾಪಸು ಬರುವುದಿಲ್ಲ, ಅವಳ ಗಂಡನ ಸಮಾಧಿ ವಾಪಸು ಬರುವುದಿಲ್ಲ, ಅವ್ವ ಕೊಡ ಹಿಡಿದು ಮತ್ತೆ ಆ ನಲ್ಲಿಯ ಮುಂದೆ, ಆ ನೆರಿಗೆ ಹಿಡಿದ ಕೈ, ಆ ಕಾಲು. ಸೀಸೆಯ ಅಡಿಯಲ್ಲಿ ಒಂದು ಸೂಜಿ ಕಟ್ಟಿತು, ಅದಕ್ಕೆ ಅಡ್ಡಲಾಗಿ ಇನ್ನೊಂದು, ನೋಡುನೋಡುತ್ತಿದ್ದ ಹಾಗೆ ಬೆಳ್ಳಗೆ ತುಂಬಿತು, ಇಷ್ಟು ಚೆನ್ನಾಗಿ ಯಾವತ್ತೂ ಕಟ್ಟಿರಲಿಲ್ಲ, ಜಗನ್ನಾಥರು ಯಾವಾಗ ಬಂದು ಹಿಂದೆ ನಿಂತರೋ, ಸೀಸೆಯನ್ನು ಬೆಳಕಿಗೆ ಹಿಡಿದು, ಎಂಥ ಶುದ್ಧ ಕಣ್ರಿ, ಅಂದರು, ಆ ಗಡಸು ಮನುಷ್ಯನ ದನಿ ಮೆತ್ತಗಾಗಿತ್ತು, ಇನ್ನು ಕಾಯೋದು ಬೇಡ, ಬರೆದು ಕಳಿಸೋಣ, ನಿಮ್ಮ ಹೆಸರೇ ಮೊದಲು, ಆದರೆ ಗಿಡ ಸಿಕ್ಕಿದ ಜಾಗ ಸರಿಯಾಗಿ ಹೇಳ್ಬೇಕು, ಓದಿದೋರು ಹೋಗಿ ನೋಡೋ ಹಾಗೆ, ಎಲ್ರೀ ಅದು. ಮುನಿತಾಯಮ್ಮನ ಹೊಲ ಸಾರ್, ಅಂದಳು. ಅದು ಹೊಲ ಆಗಿತ್ತು, ಸರಿ, ಈಗ ಅಲ್ಲಿ ಹೊಲ ಇಲ್ಲ ಅಂದ್ರಲ್ಲ, ಈಗ ಅದು ಯಾರದು, ಏನಂತ ಕರೀತಾರೆ, ಎಂದು ಅವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಾರೆ, ಅವಳು ಹೇಳಲು ಬಾಯಿ ತೆರೆಯುತ್ತಾಳೆ, ಈಗ ಅದು, ಸಾರ್, ಈಗ ಅದು — ನೆರಿಗೆ ಸ್ವಲ್ಪ ಮೇಲಕ್ಕೆ, ಕೆಂಪು ಮಣ್ಣು ಮೆತ್ತಿದ ಹಿಮ್ಮಡಿ, ಬಿಳಿ ಗೆರೆಗೆ ತಾಗಬಾರದೆಂದು ಎತ್ತಿದ ಕಾಲು, ಗೆರೆಯ ಮೇಲೆ, ಇನ್ನೂ ಆಚೆ ಇಳಿಯದ ಕಾಲು